ಹಾಲ್‌ನಲ್ಲಿ ಕೂರಿಸಿ ಮಾತಾಡಿಸಬೇಡಿ

ಕ್ರೀಡಾ ತಂಡದ ವಾಹನ ಅಪಘಾತಕ್ಕೆ ಸಿಕ್ಕಿ ಮಕ್ಕಳು ತೀರಿಕೊಂಡಾಗ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪ್ರಿನ್ಸಿಪಾಲರು ಮಾಡಿರುತ್ತಾರೆ, ಇಲ್ಲಾಂದ್ರೆ ಆಡಳಿತ ಮಂಡಳಿಯ ಕಾರ್ಯದರ್ಶಿ. "ಮೇಡಂ, ನಾಳೆ ಹತ್ತೂವರೆಗೆ ಎಲ್ಲಾ ಮಕ್ಕಳನ್ನೂ ಹಾಲ್‌ನಲ್ಲಿ ಕೂರಿಸ್ತೀವಿ. ತಾವು ಬಂದು ಒಂದು ಕೌನ್ಸೆಲಿಂಗ್ ಮಾಡಿಬಿಡಿ." ಪೋಲಿಯೋ ಹನಿ ಹಾಕಿ ಕಳಿಸಿದ ಹಾಗೆ. ಒಂದು ಸಲ ಹೋದರೆ ಬ್ಯಾನರ್ ಕೂಡ ರೆಡಿ ಇತ್ತು, ನನ್ನ ಹೆಸರಿನ ಕೆಳಗೆ ಡಿಗ್ರಿಗಳೆಲ್ಲ ಬರೆಸಿದ್ದರು, ಸ್ವಾಗತಕ್ಕೆ ಒಂದು ಹೂಗುಚ್ಛ. ಅದನ್ನು ಕೊಡೋಕೆ ನಿಲ್ಲಿಸಿದ್ದು ಯಾರನ್ನ ಗೊತ್ತಾ? ಅದೇ ಗಾಡಿಯಿಂದ ಬದುಕಿ ಬಂದ ಹುಡುಗನನ್ನ. ಕೈಗೆ ಇನ್ನೂ ಬ್ಯಾಂಡೇಜ್ ಇತ್ತು.

ಕರೆಯುವವರು ಕೆಟ್ಟವರಲ್ಲ. ಹೆಚ್ಚಿನವರು ರಾತ್ರಿಯೆಲ್ಲ ಶವಾಗಾರದ ಮುಂದೆ ನಿಂತು ಬಂದವರು. ಏನಾದರೂ ಮಾಡಬೇಕು ಅನ್ನೋ ಸಂಕಟ ಅವರದ್ದು. ಆದರೆ ಇಷ್ಟು ವರ್ಷ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಮುಂದಿನ ಸಲ ಲಿಂಕ್ ಕಳಿಸಿದರಾಯ್ತು.

ಅಪಘಾತವಾದ ಎರಡು ಮೂರು ದಿನದೊಳಗೆ ಎಲ್ಲರನ್ನೂ ಒಂದೇ ಕಡೆ ಕೂರಿಸಿ, "ಏನು ನೋಡಿದೆ, ಆಗ ಏನನ್ನಿಸಿತು, ಹೇಳು" ಅಂತ ಒಬ್ಬೊಬ್ಬರಿಂದ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ನಮ್ಮ ಕಸುಬಿನಲ್ಲೇ ಇತ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಸಿಬ್ಬಂದಿಗೆ ಅಂತ ಶುರುವಾಗಿದ್ದು, ಆಮೇಲೆ ಎಲ್ಲ ಕಡೆ ಹರಡಿತು. ಅದನ್ನು ಡಿಬ್ರೀಫಿಂಗ್ ಅನ್ನುತ್ತಿದ್ದರು. ಕೇಳೋಕೆ ಚೆನ್ನಾಗಿದೆ, ಮನಸ್ಸಿನಲ್ಲಿರೋದು ಹೊರಗೆ ಬಂದರೆ ಹಗುರ ಆಗುತ್ತಲ್ವಾ? ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಇಂಗ್ಲೆಂಡಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳಲ್ಲಿ ಕೆಲವರಿಗೆ ಆಸ್ಪತ್ರೆಯಲ್ಲೇ ಇಂಥದೊಂದು ಸೆಷನ್ ಕೊಟ್ಟು, ಉಳಿದವರಿಗೆ ಕೊಡದೆ, ಮೂರು ವರ್ಷದ ನಂತರ ಮತ್ತೆ ನೋಡಿದರು. 2000ದಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಶುರುವಿನಲ್ಲಿ ತುಂಬಾ ನಲುಗಿದ್ದವರಲ್ಲಿ, ಸೆಷನ್ ಸಿಗದವರು ಕಾಲಕ್ರಮೇಣ ಚೇತರಿಸಿಕೊಂಡಿದ್ದರು. ಸೆಷನ್ ಸಿಕ್ಕವರು ಚೇತರಿಸಿಕೊಂಡಿರಲಿಲ್ಲ. ಇನ್ನೊಮ್ಮೆ ಓದಿ, ನಾನು ತಿರುಗುಮುರುಗು ಬರೆದಿಲ್ಲ. ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ ಕೂಡ, ಒಂದೇ ಸೆಷನ್ನಿನ ಡಿಬ್ರೀಫಿಂಗ್ ಮುಂದಿನ ತೊಂದರೆ ತಡೆಯುತ್ತೆ ಅನ್ನೋಕೆ ಆಧಾರ ಇಲ್ಲ, ಕಡ್ಡಾಯವಾಗಿ ಮಾಡೋದು ನಿಲ್ಲಿಸಿ ಅಂದಿತು. ಇದರಲ್ಲಿ ಒಂದು ಎಚ್ಚರಿಕೆ ಇದೆ. ಆ ಪರೀಕ್ಷೆಗಳಲ್ಲಿದ್ದವರು ಬಹುಪಾಲು ದೊಡ್ಡವರು, ಒಬ್ಬೊಬ್ಬರನ್ನೇ ಮಾತಾಡಿಸಿದ್ದು. ಹದಿನೆಂಟರ ಹುಡುಗರ ಗುಂಪಿಗೆ ಅದು ಯಥಾವತ್ ಅನ್ವಯಿಸುತ್ತೆ ಅಂತ ನಾನು ಪ್ರಮಾಣ ಮಾಡಲ್ಲ. ಆದರೆ ಮೈಕ್, ಬ್ಯಾನರ್, ಮುನ್ನೂರು ಮಕ್ಕಳ ನಡುವೆ ಅದು ಒಳ್ಳೇದೇ ಮಾಡುತ್ತೆ ಅಂತ ನಂಬೋಕೆ ಏನು ಕಾರಣ ಇದೆ ಹೇಳಿ.

ಸ್ನೇಹಿತ ಕಣ್ಣೆದುರೇ ಸತ್ತ ನಾಲ್ಕನೇ ದಿನ ನಿದ್ದೆ ಬರದಿರುವುದು, ಊಟ ಸೇರದಿರುವುದು, ಬ್ರೇಕಿನ ಶಬ್ದಕ್ಕೆ ಬೆಚ್ಚಿ ಬೀಳುವುದು ಕಾಯಿಲೆ ಅಲ್ಲ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಅಂತ ಹೆಸರಿಡಬೇಕಾದರೂ ಲಕ್ಷಣಗಳು ಒಂದು ತಿಂಗಳು ದಾಟಿ ಉಳಿದಿರಬೇಕು. ದುಃಖವೇ ಗಟ್ಟಿಯಾಗಿ ಕೂತುಬಿಟ್ಟಿದೆ ಅನ್ನಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಕನಿಷ್ಠ ಆರು ತಿಂಗಳು ಕಾಯಿರಿ ಅನ್ನುತ್ತದೆ. ಅಂದರೆ ನನ್ನಂಥವರ ಅಸಲಿ ಕೆಲಸ ಶುರುವಾಗುವ ಹೊತ್ತಿಗೆ ನಿಮ್ಮ ಬ್ಯಾನರ್ ಹರಿದು, ಹೊಸ ಟೀಮ್ ಸೆಲೆಕ್ಷನ್ ಕೂಡ ಮುಗಿದಿರುತ್ತದೆ. ಆಗ ಯಾರೂ ಫೋನ್ ಮಾಡುವುದಿಲ್ಲ.

ಇಷ್ಟು ಹೇಳಿದ ತಕ್ಷಣ ಇನ್ನೊಂದು ಉತ್ಸಾಹದ ಗುಂಪು ಏಳುತ್ತದೆ. "ನೋಡಿದ್ರಾ, ಕೌನ್ಸೆಲಿಂಗೇ ಬೇಡ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಆಟಕ್ಕೆ ಬಿಟ್ಟರೆ ತಾನಾಗೇ ಸರಿಹೋಗ್ತಾರೆ." ಇಲ್ಲ ಸ್ವಾಮಿ, ನಾನು ಹೇಳಿದ್ದು ಅದಲ್ಲ. ಅವರಿಗೆ ನಾನು ಹೇಳುವ ಕಥೆ ಕೆನಡಾದ್ದು.

ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಐಸ್ ಹಾಕಿ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗಲ್ಲ, ಅದಕ್ಕಿಂತ ಜಾಸ್ತಿ. ಚಳಿಗಾಲದಲ್ಲಿ ಊರಿಗೆ ಊರೇ ಸೇರುವ ಜಾಗ ಅಂದರೆ ಹಾಕಿ ರಿಂಕ್, ಅಂದರೆ ಮಂಜುಗಡ್ಡೆಯ ಆಟದಂಗಳ. 1986ರ ಡಿಸೆಂಬರ್ 30ರಂದು ಅಲ್ಲಿನ ಸ್ವಿಫ್ಟ್ ಕರೆಂಟ್ ಊರಿನ ಬ್ರಾಂಕೋಸ್ ತಂಡದ ಬಸ್ಸು ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ನಾಲ್ಕು ಆಟಗಾರರು ಸತ್ತರು. ಹುಡುಗರು ಸ್ವಲ್ಪ ದಿನಕ್ಕೇ ಮತ್ತೆ ಆಟಕ್ಕಿಳಿದರು. ಹೊರಗಿನ ಕೌನ್ಸೆಲರ್‌ಗಳನ್ನು ಕೋಚ್ ಗ್ರಹಾಂ ಜೇಮ್ಸ್ ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. 1989ರಲ್ಲಿ ಅದೇ ತಂಡ ಜೂನಿಯರ್ ಹಾಕಿಯ ದೊಡ್ಡ ಪ್ರಶಸ್ತಿ ಮೆಮೋರಿಯಲ್ ಕಪ್ ಗೆದ್ದಿತು. ನೋಡಿದವರಿಗೆ ಎಲ್ಲ ಸರಿಹೋದ ಹಾಗೇ ಕಂಡಿತು. ಆಮೇಲೆ ಗೊತ್ತಾಗಿದ್ದು, ಆ ಕೋಚ್ ತನ್ನ ಆಟಗಾರರ ಮೇಲೇ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. 1997ರಲ್ಲಿ ಜೈಲಿಗೆ ಹೋದ. ಆ ಬಸ್ಸಿನಲ್ಲಿ ಬದುಕುಳಿದ ಶೆಲ್ಡನ್ ಕೆನಡಿ ಬಾಯಿ ಬಿಟ್ಟಿದ್ದರಿಂದ ಅದು ಹೊರಬಂತು. ಹೊರಗಿನವರು ಯಾಕೆ ಬೇಡವಾಗಿತ್ತು ಅನ್ನೋದನ್ನ ನೀವೇ ಊಹಿಸಿಕೊಳ್ಳಿ. "ನಮ್ಮ ಹುಡುಗರನ್ನ ನಾವೇ ನೋಡ್ಕೋತೀವಿ" ಅಂತ ಯಾರಾದರೂ ತುಂಬಾ ಗಟ್ಟಿಯಾಗಿ ಹೇಳಿದಾಗ ನನಗೆ ಈಗಲೂ ಇದೇ ನೆನಪಾಗುತ್ತದೆ. ಹೆಚ್ಚಿನ ಸಲ ಅವರು ಪಾಪ ನಿಜವಾಗಿಯೂ ನೋಡಿಕೊಳ್ಳುವವರೇ ಇರುತ್ತಾರೆ, ಅದನ್ನೂ ಹೇಳಬೇಕು.

ಅದೇ ಪ್ರಾಂತ್ಯ, ತಂಡದ ಹೆಸರೂ ಬ್ರಾಂಕೋಸ್ ಅಂತಲೇ, ಊರು ಮಾತ್ರ ಬೇರೆ: ಹಂಬೋಲ್ಟ್. ಸುಮಾರು ಆರು ಸಾವಿರ ಜನರ ಊರು. 2018ರ ಏಪ್ರಿಲ್ 6ರ ಸಂಜೆ ನಿಪಾವಿನ್ ಊರಿನಲ್ಲಿ ಪ್ಲೇಆಫ್ ಪಂದ್ಯಕ್ಕೆ ಹೊರಟಿದ್ದ ಬಸ್ಸು, ಆರ್ಮ್ಲಿ ಹತ್ತಿರದ ಕೂಡುರಸ್ತೆಯಲ್ಲಿ ಸ್ಟಾಪ್ ಬೋರ್ಡಿಗೆ ನಿಲ್ಲದೆ ಬಂದ ಲಾರಿಗೆ ಡಿಕ್ಕಿಯಾಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು. ಸತ್ತವರಲ್ಲಿ ಹತ್ತು ಆಟಗಾರರು. ಉಳಿದವರು ಕೋಚ್, ಸಹಾಯಕ ಕೋಚ್, ಆಟಗಾರರ ಗಾಯ-ನೋವು ನೋಡಿಕೊಳ್ಳುವ ಥೆರಪಿಸ್ಟ್, ಡ್ರೈವರ್, ರೇಡಿಯೋ ಕಾಮೆಂಟರಿ ಹೇಳುವವರು, ಅಂಕಿಅಂಶ ಬರೆದುಕೊಳ್ಳುವ ಹುಡುಗ.

ಆ ರಾತ್ರಿ ನಿಪಾವಿನ್‌ನ ಒಂದು ಚರ್ಚಿನಲ್ಲಿ ಮನೆಯವರು ಸೇರಿ ಸುದ್ದಿಗಾಗಿ ಕಾದರು. ಸುದ್ದಿ ಸರಿಯಾಗಿ ಬರಲಿಲ್ಲ. ಪ್ಲೇಆಫ್‌ಗೆ ಅಂತ ಹುಡುಗರೆಲ್ಲ ಕೂದಲಿಗೆ ಒಂದೇ ಥರ ಚಿನ್ನದ ಬಣ್ಣ ಹಾಕಿಸಿಕೊಂಡಿದ್ದರು, ಮೈಕಟ್ಟೂ ಒಂದೇ ಥರ, ಮುಖಗಳಿಗೆ ಪೆಟ್ಟು. ಒಬ್ಬ ಹುಡುಗ ಸತ್ತ ಅಂತ ಅವನ ಮನೆಗೆ ಹೇಳಿದರು. ಇನ್ನೊಬ್ಬನ ತಂದೆ-ತಾಯಿ ಆಸ್ಪತ್ರೆಯಲ್ಲಿ ತಮ್ಮ ಮಗ ಅಂದುಕೊಂಡು ಕಾದರು. ಎರಡು ದಿನದ ಮೇಲೆ ತಿಳಿಯಿತು, ಅದಲುಬದಲಾಗಿದೆ ಅಂತ. ಅಧಿಕಾರಿಗಳು ಕ್ಷಮೆ ಕೇಳಿದರು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಮೊದಲ ದಿನ ಮನೆಯವರಿಗೆ ಬೇಕಾಗಿರುವುದು ಇದು: ಸರಿಯಾದ ಮಾಹಿತಿ, ಅದೂ ಒಬ್ಬರ ಬಾಯಿಂದ. ಯಾವ ಆಸ್ಪತ್ರೆ, ಯಾವ ವಾರ್ಡು, ಪೋಸ್ಟ್‌ಮಾರ್ಟಂ ಎಷ್ಟು ಹೊತ್ತಿಗೆ, ಆಂಬುಲೆನ್ಸ್ ಯಾರು ಕೊಡ್ತಾರೆ. ಫೋನ್ ಚಾರ್ಜರ್, ನೀರು, ಊಟ, ಪಕ್ಕದಲ್ಲಿ ಸುಮ್ನೆ ಕೂರುವ ಒಬ್ಬ ಮನುಷ್ಯ. ವಾಟ್ಸಾಪ್‌ನಲ್ಲಿ ಹೆಸರಿನ ಪಟ್ಟಿ ಓಡಾಡದ ಹಾಗೆ ತಡೆಯುವ ಒಬ್ಬ ಮೇಷ್ಟ್ರು. ಇದನ್ನೇ ನಾವು ಮಾನಸಿಕ ಪ್ರಥಮ ಚಿಕಿತ್ಸೆ ಅನ್ನುವುದು. ನೋಡು, ಕೇಳಿಸಿಕೋ, ಬೇಕಾದ ಕಡೆಗೆ ಸೇರಿಸು, ಇಷ್ಟೇ ಅದರ ಪಾಠ. ಕೇಳಿಸಿಕೋ ಅಂದರೆ ಅವರು ಹೇಳಿದರೆ ಕೇಳಿಸಿಕೋ ಅಂತ. ಕೆದಕು ಅಂತಲ್ಲ! ನಿಮ್ಹಾನ್ಸ್‌ನವರು ಒಡಿಶಾ ಚಂಡಮಾರುತ, ಭುಜ್ ಭೂಕಂಪ, ಸುನಾಮಿಯ ನಂತರ ಊರಿನ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಕೆಲಸ ಮಾಡಿಸಿದ್ದಾರೆ. ಇದಕ್ಕೆ ಡಿಗ್ರಿ ಬೇಡ. ನಿಮ್ಮ ಕಾಲೇಜಿನ ಗುಮಾಸ್ತರು ನನಗಿಂತ ಚೆನ್ನಾಗಿ ಮಾಡಬಲ್ಲರು, ಯಾಕಂದರೆ ಅವರಿಗೆ ಪ್ರತಿ ಹುಡುಗನ ಊರು ಗೊತ್ತು.

ಹಂಬೋಲ್ಟ್‌ನಲ್ಲಿ ಊರಿನವರು ಭಾನುವಾರ ತಮ್ಮ ರಿಂಕ್‌ನಲ್ಲೇ ಸೇರಿ ಪ್ರಾರ್ಥನೆ ಮಾಡಿದರು. ದೇಶದ ತುಂಬ ಜನ ಮನೆಬಾಗಿಲ ಹೊರಗೆ ಹಾಕಿ ಆಡುವ ಸ್ಟಿಕ್ ನಿಲ್ಲಿಸಿದರು. ಆ ಹುಡುಗರಿಗೂ ಒಂದು ಬೇಕಾಗಬಹುದು ಅನ್ನುವ ಭಾವ. ಯಾರಿಂದಲೂ ಏನನ್ನೂ ಹೇಳಿಸಲಿಲ್ಲ, ಅಳಿಸಲಿಲ್ಲ ನೋಡಿ. ಜನ ಸೇರುವುದು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಸೇರಬೇಕು, ದೀಪ ಹಚ್ಚಬೇಕು, ಭಜನೆಯೋ ಮೌನವೋ, ಬೇಡದವರು ಎದ್ದು ಹೋಗುವ ಹಾಗೆ ಬಾಗಿಲು ತೆರೆದಿರಬೇಕು. ಲೋಗನ್ ಬೂಲೆ ಅನ್ನೋ ಆಟಗಾರ ಸಾಯುವ ಕೆಲವೇ ವಾರ ಮುಂಚೆ ಅಂಗಾಂಗ ದಾನಕ್ಕೆ ಹೆಸರು ಕೊಟ್ಟಿದ್ದ. ಆರು ಜನರಿಗೆ ಅವನ ಅಂಗಗಳು ಹೋದವು, ಅದನ್ನು ಕೇಳಿ ಒಂದು ಲಕ್ಷದ ಹತ್ತಿರ ಜನ ಕೆನಡಾದಲ್ಲಿ ಹೆಸರು ನೋಂದಾಯಿಸಿದರು. ಈಗಲೂ ಏಪ್ರಿಲ್ 7ರಂದು ಅವನ ನೆನಪಿಗೆ ಹಸಿರು ಅಂಗಿ ಹಾಕುತ್ತಾರೆ. ಮನೆಯವರು ತಾವಾಗಿ ಆರಿಸಿಕೊಂಡರೆ ಇಂಥದ್ದಕ್ಕೆ ತುಂಬಾ ಶಕ್ತಿ ಇದೆ. ಹದಿಮೂರನೇ ದಿನಕ್ಕೆ ಮುಂಚೆಯೇ ಹೋಗಿ "ನಿಮ್ಮ ಮಗನ ಹೆಸರಲ್ಲಿ ಟೂರ್ನಮೆಂಟ್ ಮಾಡೋಣ, ನೀವೇ ಉದ್ಘಾಟನೆ" ಅನ್ನುವುದು ಬೇರೆ.

ಅಲ್ಲಿನ ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಈ ಜೂನಿಯರ್ ಹಾಕಿ ಹುಡುಗರಲ್ಲಿ ಹೆಚ್ಚಿನವರು ದೂರದೂರದ ಊರಿನವರು. ಆಡುವ ಊರಿನಲ್ಲಿ ಯಾರದೋ ಮನೆಯಲ್ಲಿ ಮನೆಮಗನಂತೆ ಇರುತ್ತಾರೆ. ಆ ಮನೆಯವರೇ ಊಟ ಹಾಕಿ, ಬಟ್ಟೆ ಒಗೆದು, ಲೇಟಾದರೆ ಬೈಯುವವರು. ಅಪಘಾತವಾದಾಗ ಅವರು ಸಂಬಂಧಿಕರಲ್ಲ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅವರ ಹೆಸರಿಲ್ಲ. ಆದರೆ ಹುಡುಗನ ಹಾಸಿಗೆ, ಬೂಟು ಎಲ್ಲ ಅವರ ಮನೆಯಲ್ಲಿ.

ನಮ್ಮಲ್ಲೂ ಇಂಥವರಿದ್ದಾರೆ. ಒಂದು ವಾಲಿಬಾಲ್ ತಂಡದ ಟೆಂಪೋ ಟ್ರಾವೆಲರ್ ಉರುಳಿದ ಪ್ರಕರಣದಲ್ಲಿ (ಗುರುತು ಸಿಗದ ಹಾಗೆ ಬದಲಿಸಿದ್ದೇನೆ) ಎಲ್ಲರೂ ಆಟಗಾರರ ಸುತ್ತ ಓಡಾಡುತ್ತಿದ್ದರು. ನನ್ನನ್ನು ಕೊನೆಗೆ ಹುಡುಕಿಕೊಂಡು ಬಂದವರು ಹಾಸ್ಟೆಲಿನ ಅಡುಗೆಯಮ್ಮ. "ಚಪಾತಿ ಲೆಕ್ಕ ತಪ್ಪುತ್ತೆ ಮೇಡಮ್ಮಾರೆ, ಅವನ ಆರನ್ನೂ ಸೇರಿಸೇ ಲಟ್ಟಿಸ್ತೀನಿ" ಅಂದರು. ಅವರನ್ನು ಯಾರೂ ಹಾಲ್‌ಗೆ ಕರೆದಿರಲಿಲ್ಲ. ಜ್ವರ ಬಂದು ಆ ದಿನ ಟೂರ್ನಮೆಂಟಿಗೆ ಹೋಗದೆ ಉಳಿದಿದ್ದ ಹುಡುಗನನ್ನೂ ಕರೆದಿರಲಿಲ್ಲ, "ಅವನಿಗೇನೂ ಆಗಿಲ್ವಲ್ಲ" ಅಂತ. ತಾಯಿಗೆ ಹುಷಾರಿಲ್ಲ ಅಂತ ರಜೆ ಹಾಕಿದ್ದ ಪಿಡಿ ಸರ್, ಅಂದರೆ ಆಟದ ಮೇಷ್ಟ್ರು, ಇದ್ದರು. ಅವರಿಗೆ ಮೇಲಿಂದ ಮೇಲೆ ನೋಟಿಸ್ ಬರುತ್ತಿತ್ತು. ನನ್ನ ಅನುಭವದಲ್ಲಿ ವರ್ಷದ ಮೇಲೂ ಒದ್ದಾಡುವವರು ಹೆಚ್ಚಾಗಿ ಇಂಥ ಅಂಚಿನವರು. ನಿಪಾವಿನ್ ಕಡೆಯಿಂದ ಅಪಘಾತದ ಜಾಗಕ್ಕೆ ಓಡಿಬಂದವರಲ್ಲಿ ಸ್ವಯಂಸೇವಕ ಅಗ್ನಿಶಾಮಕದವರೂ ಇದ್ದರು, ಅಂದರೆ ಬೆಳಿಗ್ಗೆ ಬೇರೆ ಕೆಲಸ ಮಾಡುವ ಸಾಮಾನ್ಯ ಜನ. ನಮ್ಮ ಹೆದ್ದಾರಿ ಬದಿಯ ಢಾಬಾದವರು, ಹೊಲದಿಂದ ಓಡಿ ಬಂದು ಕಿಟಕಿ ಒಡೆದು ಮಕ್ಕಳನ್ನು ಎಳೆದವರು, ಅವರ ಮನೆಗೆ ಆಮೇಲೆ ಯಾರಾದರೂ ಹೋಗಿದ್ದೀರಾ?

ಹಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರ ಅಲ್ಲ. ಹಂಬೋಲ್ಟ್‌ಗೆ ಆನ್‌ಲೈನಿನಲ್ಲಿ ಒಂದೂವರೆ ಕೋಟಿ ಕೆನಡಾ ಡಾಲರ್‌ಗೂ ಜಾಸ್ತಿ ಬಂತು. ಕೋರ್ಟಿನ ಮೇಲ್ವಿಚಾರಣೆಯಲ್ಲಿ ಮೊದಲು ಎಲ್ಲರಿಗೂ 50,000 ಡಾಲರ್ ತುರ್ತಾಗಿ ಕೊಟ್ಟು, ಉಳಿದದ್ದನ್ನು ಒಂದು ಸಮಿತಿ ಮನೆಯವರ ಮಾತು ಕೇಳಿದ ಮೇಲೆ ಹಂಚಿದರು. ಕೊನೆಗೆ ಸತ್ತವರ ಕುಟುಂಬಕ್ಕೆ ಒಟ್ಟು 5,25,000, ಬದುಕಿದವರಿಗೆ 4,75,000. ಇದು ಸರಿಯೇ ಅಂತ ವಾದ ಮಾಡಬಹುದು, ಜೀವನಪೂರ್ತಿ ಗಾಲಿಕುರ್ಚಿಯಲ್ಲಿರುವವನ ಖರ್ಚು ಯೋಚಿಸಿ. ಆದರೆ ಲೆಕ್ಕ ಬಹಿರಂಗವಾಗಿತ್ತು. ಸಂಗ್ರಹಿಸಿದ ಹಣದ ಜಗಳ ಮನೆಯವರ ದುಃಖದ ಮೇಲೆ ಹೇಗೆ ಕೂರುತ್ತೆ ಅನ್ನೋದನ್ನ ನೋಡಿದವಳು ನಾನು.

ಮುಖ್ಯ ಪ್ರಶ್ನೆ, ನನ್ನನ್ನು ಯಾವಾಗ ಕರೆಯಬೇಕು? ಹಂಬೋಲ್ಟ್‌ನ ಕ್ಯಾಲೆಂಡರ್ ನೋಡಿ. ಏಪ್ರಿಲ್‌ನಲ್ಲಿ ಅಪಘಾತ. 2018ರ ಸೆಪ್ಟೆಂಬರ್ 12ಕ್ಕೆ ತಮ್ಮ ರಿಂಕ್‌ನಲ್ಲಿ ಮೊದಲ ಪಂದ್ಯ, ಅದೂ ನಿಪಾವಿನ್ ತಂಡದ ಮೇಲೆ. ಬದುಕುಳಿದವರಲ್ಲಿ ಇಬ್ಬರು ಮಾತ್ರ ಅವತ್ತು ಆಡಿದರು. 2019ರ ಜನವರಿಯಲ್ಲಿ ಲಾರಿ ಚಾಲಕ ತಪ್ಪೊಪ್ಪಿಕೊಂಡ. ಮನೆಯವರು ದಿನಗಟ್ಟಲೆ ಕೋರ್ಟಿನಲ್ಲಿ ತಮ್ಮ ನೋವನ್ನು ಓದಿ ಹೇಳಿದರು. ಮಾರ್ಚ್‌ನಲ್ಲಿ ಎಂಟು ವರ್ಷದ ಶಿಕ್ಷೆಯಾಯಿತು. ಕೆಲವರು ಅವನನ್ನು ಕ್ಷಮಿಸಿದೆವು ಅಂದರು, ಕೆಲವರು ಸಾಧ್ಯವೇ ಇಲ್ಲ ಅಂದರು. ಎರಡೂ ಸರಿ, ಇದರಲ್ಲಿ ಯಾರಿಗೂ ಬುದ್ಧಿ ಹೇಳೋಕೆ ಹೋಗಬೇಡಿ. ಆಮೇಲೆ ಮೊದಲ ವರ್ಷದ ಏಪ್ರಿಲ್ 6. ಇವೆಲ್ಲ ಮತ್ತೆ ಕುಸಿಯುವ ದಿನಗಳು, ಮತ್ತು ಇವು ಮೊದಲೇ ಗೊತ್ತಿರುವ ದಿನಗಳು.

ಹಾಗಾಗಿ ಪ್ರಿನ್ಸಿಪಾಲರೇ, ಆಫೀಸಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ತಿಂಗಳಿಗೆ, ಹೊಸ ಸೀಸನ್ ಶುರುವಾಗುವ ವಾರಕ್ಕೆ, ಕೇಸಿನ ಹಿಯರಿಂಗ್ ದಿನಕ್ಕೆ, ವರ್ಷದ ತಿಥಿಗೆ. ಪ್ರತಿ ಹುಡುಗನ ಹತ್ತಿರ ತಿಂಗಳಿಗೊಮ್ಮೆ ಐದು ನಿಮಿಷ ಮಾತಾಡುವ ಜವಾಬ್ದಾರಿ ಒಬ್ಬ ಮೇಷ್ಟ್ರಿಗೆ ಕೊಡಿ, ಅವನಿಗೆ ಯಾರು ಇಷ್ಟವೋ ಅವರಿಗೆ. ನಿದ್ದೆ ಇನ್ನೂ ಇಲ್ಲ, ಕ್ಲಾಸಿಗೆ ಬರುತ್ತಿಲ್ಲ, ಕುಡಿತ ಶುರುವಾಗಿದೆ, ಬಸ್ಸು ಹತ್ತೋಕೇ ಆಗುತ್ತಿಲ್ಲ ಅಂತ ಕಂಡರೆ ನನ್ನ ಹತ್ತಿರವೋ ಜಿಲ್ಲಾಸ್ಪತ್ರೆಗೋ ಒಬ್ಬೊಬ್ಬನಾಗಿ ಕಳಿಸಿ. ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ಅದು ಎರಡನೇ ದಿನವೇ ಆದರೂ. ಒಬ್ಬನನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ದಿನಕ್ಕೆ ಬ್ಯಾನರ್ ಪ್ರಿಂಟ್ ಹಾಕಿಸುವ ದುಡ್ಡಿನಲ್ಲಿ ದೂರದ ಊರಿಂದ ಬಂದಿರುವ ತಂದೆ-ತಾಯಿಗೆ ಆಸ್ಪತ್ರೆ ಹತ್ತಿರ ಒಂದು ರೂಮು ಮಾಡಿಸಿಕೊಡಿ, ಬೀಗದ ಕೈ ಕೊಡುವಾಗ ಊಟ ಎಲ್ಲಿ ಸಿಗುತ್ತೆ ಅಂತ ತೋರಿಸಿ.