ಶೇಕರ್ ಡಬ್ಬಿ ಪಕ್ಕದಲ್ಲಿ ಬೆರಳು ಯಾಕೆ?

ಹೋದ ವರ್ಷ ಮೈಸೂರಿಂದ ಚಿಕ್ಕಮ್ಮ ಬಂದಿದ್ರು. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನನ್ನ ವರ್ಕ್‌ಶಾಪಿಗೆ ಕರ್ಕೊಂಡು ಹೋದ್ರೆ, ಮೊಟ್ಟೆ ಆಕಾರದ ಒಂದು ಶೇಕರ್ ಡಬ್ಬಿ (ಶೇಕರ್ಸ್ ಅನ್ನೋ ಪಂಥದವರ ರೀತೀಲಿ ತೆಳು ಮರದ ಪಟ್ಟಿ ಬಾಗಿಸಿ ಮಾಡೋ ಮುಚ್ಚಳದ ಡಬ್ಬಿ) ಎತ್ಕೊಂಡು ಹಿಂದೆಮುಂದೆ ನೋಡಿ "ಇದಕ್ಕೆ ಫೆವಿಕಾಲ್ ಹಾಕಿದೀಯೇನೋ?" ಅಂದ್ರು. ಒಂದು ತೊಟ್ಟೂ ಇಲ್ಲ ಚಿಕ್ಕಮ್ಮ ಅಂದೆ, ನಂಬಲಿಲ್ಲ. ಆಮೇಲೆ ಎಲ್ರೂ ಕೇಳೋ ಪ್ರಶ್ನೆನೇ ಕೇಳಿದ್ರು: ಪಕ್ಕದಲ್ಲಿ ಬೆರಳು ಬೆರಳಾಗಿ ಕತ್ತರಿಸಿರೋದು ಡಿಸೈನಿಗಾ?

ಅಲ್ಲ. ಅದಿಲ್ಲದಿದ್ರೆ ಡಬ್ಬಿ ನಾಲ್ಕು ಚಳಿಗಾಲ ತಾಳಲ್ಲ.

ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗೋದು ಇಲ್ಲ ಅನ್ನೋಷ್ಟು ಕಡಿಮೆ, ಆದ್ರೆ ಅಡ್ಡಕ್ಕೆ ಗಾಳಿಯ ತೇವ ನೋಡ್ಕೊಂಡು ಹಿಗ್ಗುತ್ತೆ ಕುಗ್ಗುತ್ತೆ. ಇಲ್ಲಿ ಬೇಸಿಗೆ ಜಿಗುಟು, ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಮನೆಯೊಳಗಿನ ಗಾಳಿ ಒಣಗಿ ಹಪ್ಪಳ. ಡಬ್ಬಿಯ ಪಟ್ಟಿ ಸುತ್ತಿ ಬಂದು ಒಂದರ ಮೇಲೊಂದು ಕೂರೋ ಕಡೆ ತುದಿನ ನೇರವಾಗಿ ಕತ್ತರಿಸಿ ಮೇಲಿಂದ ಕೆಳಗಿನ ತನಕ ಸಾಲಾಗಿ ಮೊಳೆ ಹೊಡೆದ್ರೆ, ಅಷ್ಟಗಲದ ಮರಕ್ಕೆ ಅಲುಗಾಡೋಕೆ ಜಾಗನೇ ಇರಲ್ಲ, ಒಂದೋ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಅದನ್ನೇ ಚೂಪಾದ ಬೆರಳುಗಳಾಗಿ ಬಿಡಿಸಿದ್ರೆ ಒಂದೊಂದು ಬೆರಳೂ ಸಣ್ಣದು, ನಡುವೆ ಜಾಗ ಇದೆ, ಅವುಗಳ ಪಾಡಿಗೆ ಅವು ಹಿಗ್ಗಿಕೊಳ್ತವೆ. ಅಂಚು ನೇರ ಕತ್ತರಿಸಲ್ಲ, ಚಾಕುನಲ್ಲಿ ಸ್ವಲ್ಪ ಓರೆ ಮಾಡ್ತೀವಿ. ನನ್ನ ಪ್ರಕಾರ ಡಬ್ಬಿಯ ಅಂದ ಇರೋದೇ ಆ ಓರೆಯಲ್ಲಿ, ಮೆಷಿನ್‌ನಲ್ಲಿ ಕೊರೆದ ಅಗ್ಗದ ಡಬ್ಬಿಗಳಲ್ಲಿ ಇದು ಸತ್ತೇ ಹೋಗಿರುತ್ತೆ.

ಶೇಕರ್ಸ್ ಅಂದ್ರೆ ಒಂದು ಕ್ರಿಶ್ಚಿಯನ್ ಪಂಥ. ಆನ್ ಲೀ ಅಂತ, ಮ್ಯಾಂಚೆಸ್ಟರ್‌ನ ಕಮ್ಮಾರನ ಮಗಳು, 1774ರಲ್ಲಿ ಎಂಟು ಜನರನ್ನ ಕರ್ಕೊಂಡು ನ್ಯೂಯಾರ್ಕಿಗೆ ಬಂದ್ರು. ಪ್ರಾರ್ಥನೆ ಮಾಡ್ತಾ ಮೈ ನಡುಗಿಸಿ ಕುಣೀತಿದ್ದಿದ್ದಕ್ಕೆ ಹೊರಗಿನವರು ಇಟ್ಟ ಹೆಸರದು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ದುಡಿದಿದ್ದೆಲ್ಲ ಒಟ್ಟಿಗೆ. ಬಾಗಿಸಿದ ಮರದ ಡಬ್ಬಿ ಇವರು ಕಂಡುಹಿಡಿದಿದ್ದಲ್ಲ, ಯುರೋಪಲ್ಲಿ ಮೊದಲೇ ಇತ್ತು, ಇವರು ಅದನ್ನ ತಿದ್ದಿ ತೀಡಿದ್ರು ಅಷ್ಟೆ. 18ನೇ ಶತಮಾನದ ಕೊನೆಯಷ್ಟೊತ್ತಿಗೆ ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್ ಅನ್ನೋ ತಮ್ಮ ಊರಲ್ಲಿ ಮಾಡಿ ಹೊರಗಿನವರಿಗೆ ಮಾರ್ತಿದ್ರು, ಒಂದರೊಳಗೊಂದು ಕೂರೋ ಸೆಟ್, ಸೈಜಿಗೊಂದು ನಂಬರ್. ಗಿಡಮೂಲಿಕೆ, ಮಸಾಲೆ, ಸೂಜಿದಾರ, ಬಟನ್, ಏನು ಬೇಕಾದ್ರೂ ಹಾಕಿಡಬಹುದು.

ಮಾಡೋ ರೀತಿ ಹೀಗೆ. ಪಟ್ಟಿ ಮೇಪಲ್ ಮರದ್ದು, ಮಧ್ಯಮ ಸೈಜಿಗೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಬಿಸಿನೀರಲ್ಲಿ ಇಪ್ಪತ್ತು ನಿಮಿಷದ ಮೇಲೆ ನೆನೆಸಿ, ತೆಗೆದ ತಕ್ಷಣ ಮರದ ಅಚ್ಚಿಗೆ ಸುತ್ತಬೇಕು. ಇಲ್ಲಿ ಫೋನ್ ಬಂದ್ರೆ ಕಥೆ ಮುಗೀತು, ಕೆಲವೇ ಸೆಕೆಂಡು ಸಿಗೋದು. ಸೇರೋ ಕಡೆ ಪೆನ್ಸಿಲ್ ಗೆರೆ ಎಳೆದು, ಅಚ್ಚಿಂದ ಬಿಚ್ಚಿ, ಗೆರೆ ಗೆರೆಗೆ ಸೇರಿಸಿ ಒಳಗೆ ಕಬ್ಬಿಣದ ಪೈಪ್ ಕೊಟ್ಟು ತಾಮ್ರದ ಸಣ್ಣ ಮೊಳೆ ಹೊಡೀತೀವಿ. ತುದಿ ಪೈಪಿಗೆ ತಾಗಿ ಬಗ್ಗಿ ಮರಕ್ಕೇ ಕಚ್ಚಿಕೊಳ್ಳುತ್ತೆ. ಕಬ್ಬಿಣದ ಮೊಳೆ ಆದ್ರೆ ತುಕ್ಕು ಹಿಡಿದು ಸುತ್ತ ಕಪ್ಪು ಕಲೆ, ತಾಮ್ರಕ್ಕೆ ಆ ತಲೆನೋವಿಲ್ಲ. ಎರಡು ದಿನ ಒಣಗೋಕೆ ಬಿಡ್ತೀವಿ. ಮುಚ್ಚಳದ ಪಟ್ಟಿನ ಅದೇ ಡಬ್ಬಿ ಮೇಲೇ ಸುತ್ತೋದ್ರಿಂದ ಅದು ಬೇರೆ ಡಬ್ಬಿಗೆ ಸರಿಯಾಗಿ ಕೂರೋದು ಕಷ್ಟ.

ತಳದ ಹಲಗೆ ಪೈನ್, ಅದೂ ಕ್ವಾರ್ಟರ್ ಸಾನ್, ಅಂದ್ರೆ ಮರದ ಉಂಗುರಗಳು ಹಲಗೆಗೆ ನೆಟ್ಟಗೆ ನಿಲ್ಲೋ ಹಾಗೆ ಕೊಯ್ದಿದ್ದು. ಮಾಮೂಲಿ ಕೊಯ್ತದ ಹಲಗೆಗಿಂತ ಇದು ಸುಮಾರು ಅರ್ಧದಷ್ಟೇ ಅಗಲ ಬದಲಾಯಿಸೋದು. ಹಲಗೆನ ಪಟ್ಟಿಯೊಳಗೆ ಕೂರಿಸಿ, ಪಟ್ಟಿಗೆ ಸುತ್ತ ಸಣ್ಣ ತೂತು ಕೊರೆದು ಮರದ ಕಡ್ಡಿ ತುರುಕಿ ಕತ್ತರಿಸಿಬಿಡ್ತೀವಿ. ಗೋಂದಿಗೆ ಕೆಲಸವೇ ಇಲ್ಲ.

ಮೈನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಬ್ರದರ್ ಡೆಲ್ಮರ್ ವಿಲ್ಸನ್ ಅಂತ ಒಬ್ಬ ಶೇಕರ್ ಇದ್ರು. 1923ರ ಒಂದು ಫೋಟೋದಲ್ಲಿ ತಾವು ಮಾಡಿದ 1083 ಹಿಡಿ ಇರೋ ಡಬ್ಬಿಗಳ ರಾಶಿ ಜೊತೆ ನಿಂತಿದಾರೆ. ಸರಳ ಬದುಕಿನವರು ಅಂತ ಮೆಷಿನ್ ಮುಟ್ಟದವರಲ್ಲ ಇವರು, ಗರಗಸ ಯಂತ್ರ ಎಲ್ಲಾ ಬಳಸ್ತಿದ್ರು. 1961ರಲ್ಲಿ ವಿಲ್ಸನ್ ತೀರಿಹೋದ್ರು. ಪಂಥದ ಸಮುದಾಯ ಇವತ್ತಿಗೆ ಉಳಿದಿರೋದೂ ಅದೊಂದೇ ಊರಲ್ಲಿ, ಬೆರಳೆಣಿಕೆ ಜನ.

ಚಿಕ್ಕಮ್ಮ ಲವಂಗ ಏಲಕ್ಕಿಗೆ ಅಂತ ಒಂದು ತಗೊಂಡು ಹೋದ್ರು. ಈ ಮಳೆಗಾಲ ಫೋನ್ ಮಾಡಿ ಮುಚ್ಚಳ ಬಿಗಿಯಾಗಿದೆ ಅಂದ್ರು. ಸ್ಪೂನ್ ಹಾಕಿ ಮೀಟಬೇಡಿ, ದೀಪಾವಳಿ ಕಳೆದ್ಮೇಲೆ ತಾನೇ ಸಡಿಲ ಆಗುತ್ತೆ ಅಂತ ಹೇಳಿದೀನಿ.