ಆರು ವೋಲ್ಟ್ ಎಲ್ಲಿ ಹೋಯ್ತು?

ಹೋದ ಚಳಿಗಾಲದಲ್ಲಿ ಒಂದು ಮನೆಯಿಂದ ಫೋನ್ ಬಂತು. ಗೀಸರ್ ಹಾಕಿದರೆ ಬಚ್ಚಲಲ್ಲಿ ಸುಟ್ಟ ವಾಸನೆಯಂತೆ. ಹೋಗಿ ನೋಡಿದರೆ ಪ್ಲಗ್‌ನ ಒಂದು ಪಿನ್ ಕಪ್ಪಾಗಿದೆ, ಸಾಕೆಟ್‌ನ ಪ್ಲಾಸ್ಟಿಕ್ ಮೆತ್ತಗಾಗಿ ಜೋತುಬಿದ್ದಿದೆ. “ಎಂಸಿಬಿ ಹಾಕ್ಸಿದೀವಲ್ಲಪ್ಪಾ, ಅದ್ಯಾಕೆ ಬೀಳ್ಲಿಲ್ಲ?” ಎಂದರು ಮನೆಯ ಅಜ್ಜಿ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್.

ನನ್ನ ಜೊತೆಗಿದ್ದ ಹುಡುಗ ಡಿಪ್ಲೊಮಾ ಓದುತ್ತಾನೆ, ರಜೆ ಬಂದರೆ ಕೆಲಸಕ್ಕೆ ಬರುತ್ತಾನೆ. ಅವನದು ಬೇರೆ ಪ್ರಶ್ನೆ. “ಅಣ್ಣಾ, ಲೂಸ್ ಕನೆಕ್ಷನ್ ಅಂದ್ರೆ ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ. ರೆಸಿಸ್ಟೆನ್ಸ್ ಜಾಸ್ತಿ ಆದ್ರೆ ಕರೆಂಟ್ ಕಮ್ಮಿ. ಹಾಗಾದ್ರೆ ಬಿಸಿನೂ ಕಮ್ಮಿ ಆಗ್ಬೇಕು ಅಲ್ವಾ?”

ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ. ಅದಕ್ಕೆ ಮೊದಲು ಒಂದು ಮಾತು. ನಾವು ‘ಕರೆಂಟ್ ಹೋಯ್ತು’ ಅನ್ನುವಾಗ ಕರೆಂಟ್ ಎಂದರೆ ಇಡೀ ವಿದ್ಯುತ್ತು. ಲೆಕ್ಕದಲ್ಲಿ ಕರೆಂಟ್ ಎಂದರೆ ವೈರಿನಲ್ಲಿ ಹರಿಯುವ ಪ್ರಮಾಣ ಮಾತ್ರ, ಅಳತೆ ಆಂಪ್‌ನಲ್ಲಿ. ಅದನ್ನು ತಳ್ಳುವುದು ವೋಲ್ಟೇಜ್. ಅದಕ್ಕೆ ಅಡ್ಡ ಬರುವ ತಡೆ ರೆಸಿಸ್ಟೆನ್ಸ್, ಅಳತೆ ಓಮ್‌ನಲ್ಲಿ.

ಗೀಸರ್ ಮೈಮೇಲೆ ಬರೆದಿತ್ತು: 230 ವೋಲ್ಟ್, 2000 ವಾಟ್. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವಾಟ್, ಅಂದರೆ ಪವರ್. ಹಾಗಾಗಿ 2000ವನ್ನು 230ರಿಂದ ಭಾಗಿಸಿದರೆ ಸುಮಾರು 8.7 ಆಂಪ್. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್. 230ನ್ನು 8.7ರಿಂದ ಭಾಗಿಸಿ, ಸುಮಾರು 26.4 ಓಮ್. ಕಾಯಿಲ್‌ನ ಗುಣ ಈ 26.4 ಓಮ್. 2000 ವಾಟ್ ಅದರ ಗುಣ ಅಲ್ಲ, 230 ವೋಲ್ಟ್ ಸಿಕ್ಕರೆ ಮಾತ್ರ ಬರುವ ಫಲ. ಬೇಸಿಗೆಯಲ್ಲಿ ಲೈನು 180ಕ್ಕೆ ಇಳಿಯಿತು ಅನ್ನಿ. 180ನ್ನು 26.4ರಿಂದ ಭಾಗಿಸಿದರೆ 6.8 ಆಂಪ್. ಅದನ್ನು 180ರಿಂದ ಗುಣಿಸಿದರೆ 1225 ವಾಟ್‌ನ ಆಸುಪಾಸು. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದದ್ದಕ್ಕೆ ಪವರ್ ಐದರಲ್ಲಿ ಎರಡು ಪಾಲು ಹೋಯಿತು. ಹದಿನೆಂಟು ನಿಮಿಷಕ್ಕೆ ಕಾಯುವ ನೀರಿಗೆ ಅರ್ಧ ಗಂಟೆ ಬೇಕು. ‘ಹೊಸ ಗೀಸರ್, ನೀರೇ ಕಾಯಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಗೀಸರನ್ನಲ್ಲ, ವೋಲ್ಟೇಜನ್ನು.

ಈಗ ಸಾಕೆಟ್‌ಗೆ ಬರೋಣ. ಇಂಥ ಕಡೆ ಹುಡುಗರು ತಕ್ಷಣ ಮಲ್ಟಿಮೀಟರ್ ಅನ್ನು ಓಮ್‌ಗೆ ತಿರುಗಿಸಿ ಇಡುತ್ತಾರೆ. ಪ್ರಯೋಜನ ಇಲ್ಲ. ಮೀಟರಿನ ವೈರುಗಳದ್ದೇ ಕಾಲು ಓಮ್ ಇದ್ದರೂ ಇರಬಹುದು. ಅರ್ಧ-ಮುಕ್ಕಾಲು ಓಮ್ ಹುಡುಕಲು ಹೊರಟವನಿಗೆ ಅದು ದೊಡ್ಡ ಮೋಸ. ಜೊತೆಗೆ, ಲೋಡ್ (ಕರೆಂಟ್ ಎಳೆಯುವ ಸಾಮಾನು, ಇಲ್ಲಿ ಗೀಸರ್) ಇಲ್ಲದಾಗ ಸುಮ್ನೆ ಕೂತಿರುವ ಲೂಸ್ ಕನೆಕ್ಷನ್ ಬಿಸಿಯಾದ ಮೇಲೆ ಬೇರೆಯೇ ಮುಖ ತೋರಿಸುತ್ತದೆ. ಅದಕ್ಕೇ ಲೋಡ್ ಓಡುತ್ತಿರುವಾಗ ವೋಲ್ಟೇಜ್ ಮತ್ತು ಕರೆಂಟ್ ಅಳೆದು ಲೆಕ್ಕ ಹಾಕಬೇಕು. (ಬೋರ್ಡ್ ಬಿಚ್ಚಿ ಮಾಡುವ ಕೆಲಸ ಇದು. ಓದಿದ್ದೀರಿ ಅಂತ ಮನೆಯಲ್ಲಿ ಕೈ ಹಾಕಬೇಡಿ.)

ಒಂದೇ ನಿಮಿಷ ಗೀಸರ್ ಹಾಕಿ ನೋಡಿದೆ. ಸ್ವಿಚ್ ಬೋರ್ಡಿನ ಒಳಗೆ 228 ವೋಲ್ಟ್. ಒಂದೂವರೆ ಮೀಟರ್ ಆಚೆ, ಗೀಸರ್‌ನ ಟರ್ಮಿನಲ್‌ನಲ್ಲಿ 222. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ 8.4 ಆಂಪ್. “ಆರು ವೋಲ್ಟ್ ಎಲ್ಲಿ ಹೋಯ್ತು?” ಎಂದು ಹುಡುಗನನ್ನೇ ಕೇಳಿದೆ. 6ನ್ನು 8.4ರಿಂದ ಭಾಗಿಸಿದ. 0.7 ಓಮ್. ಅಷ್ಟುದ್ದದ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ, ಹೋಗಿ ಬರುವುದೂ ಸೇರಿ, 0.04 ಓಮ್ ಕೂಡ ಬರುವುದಿಲ್ಲ. ಅಂದರೆ ಹೆಚ್ಚುಕಮ್ಮಿ ಪೂರ್ತಿ ಆ ಕಪ್ಪು ಪಿನ್ನಿನ ಬಳಿಯೇ.

“ಈಗ 6 ಇಂಟು 8.4?”

“ಐವತ್ತು ವಾಟ್.”

ನನ್ನ ಚೀಲದಲ್ಲಿದ್ದ ಸಾಲ್ಡರಿಂಗ್ ಐರನ್ ತೆಗೆದು ತೋರಿಸಿದೆ. ಅದು 25 ವಾಟ್, ಸೀಸ ಕರಗಿಸುತ್ತದೆ. ಅಂಥ ಎರಡನ್ನು ಸಾಕೆಟ್ ಒಳಗೆ ತುರುಕಿಟ್ಟ ಹಾಗಾಯಿತು. ಮುಖ ಸಪ್ಪಗೆ ಮಾಡಿಕೊಂಡ.

ಎಂಸಿಬಿ ಯಾಕೆ ಬೀಳಲಿಲ್ಲ? ಅದಕ್ಕೆ ಗೊತ್ತಾಗುವುದು ಆಂಪ್ ಮಾತ್ರ. ಅಲ್ಲಿದ್ದದ್ದು 16 ಆಂಪ್‌ನದು. ಲೂಸ್ ಕನೆಕ್ಷನ್‌ನಿಂದ ಕರೆಂಟ್ ಏರಲಿಲ್ಲ, ಚೂರು ಇಳಿಯಿತು ಅಷ್ಟೆ. ಅದರ ಲೆಕ್ಕದಲ್ಲಿ ಮನೆ ಕ್ಷೇಮ.

ಹುಡುಗನ ಪ್ರಶ್ನೆಯೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಒಂದು ವಸ್ತು ಒಂದೇ ಲೈನಿಗೆ ನೇರ ಕೂತಿದ್ದರೆ ಅವನು ಹೇಳಿದ್ದು ಸರಿ. ಅಲ್ಲಿ ಬದಲಾಗದ್ದು ವೋಲ್ಟೇಜ್, ಓಮ್ ಜಾಸ್ತಿ ಆದಷ್ಟೂ ಬಿಸಿ ಕಮ್ಮಿ. ಆದರೆ ಈ ಪಿನ್ನು ಗೀಸರ್ ಜೊತೆ ಸಾಲಾಗಿ ನಿಂತಿದೆ. ಎಷ್ಟು ಕರೆಂಟ್ ಹರಿಯಬೇಕು ಎಂದು ಹೇಳುವ ಯಜಮಾನ ಗೀಸರ್‌ನ 26 ಓಮ್, ಪಿನ್ನಿನ ಮುಕ್ಕಾಲು ಓಮ್ ಅಲ್ಲ. ಕರೆಂಟ್ ಹೆಚ್ಚುಕಮ್ಮಿ ಅಷ್ಟೇ ಇರುವಾಗ, ಓಮ್ ಜಾಸ್ತಿ ಆದಷ್ಟೂ ಆ ಜಾಗದಲ್ಲಿ ಬಿಸಿ ಜಾಸ್ತಿ. ಬಿಸಿ ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಏರುತ್ತದೆ ಎಂದು 1841ರಲ್ಲೇ ಪ್ರಕಟಿಸಿದವನು ಇಂಗ್ಲೆಂಡಿನ ಜೂಲ್. ಅದಕ್ಕೇ ಇದೇ ಲೂಸ್ ಸಾಕೆಟ್‌ಗೆ ಅರ್ಧ ಆಂಪ್‌ನ ಮೊಬೈಲ್ ಚಾರ್ಜರ್ ಹಾಕಿದ್ದರೆ ಕಾಲು ವಾಟ್ ಕೂಡ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಲೆಕ್ಕ ಎಲ್ಲ ಕಡೆಗೂ ಹೀಗೇ ಒಗ್ಗುವುದಿಲ್ಲ. ಹಳೆಯ 60 ವಾಟ್ ಬಲ್ಬಿಗೆ ಲೆಕ್ಕ ಹಾಕಿದರೆ 880 ಓಮ್ ಬರುತ್ತದೆ, ಆರಿದ ಬಲ್ಬಿಗೆ ಮೀಟರ್ ಇಟ್ಟರೆ ಅರವತ್ತು-ಎಪ್ಪತ್ತು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ಬಲ್ಬಿನ ಒಳಗಿನ ಟಂಗ್‌ಸ್ಟನ್ ತಂತಿ ಕಾದಾಗಲೇ ಅಷ್ಟು ತಡೆಯುವುದು. ಗೀಸರ್ ಕಾಯಿಲ್‌ನ ನೈಕ್ರೋಮ್ ಅಷ್ಟೊಂದು ಬದಲಾಗದು. ಮೋಟಾರಿನದು ಇನ್ನೂ ಬೇರೆ. ಅಲ್ಲಿ ಬರೀ ವೋಲ್ಟ್, ಆಂಪ್ ಗುಣಿಸಿದರೆ ವಾಟ್ ಬರುವುದಿಲ್ಲ, ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ಎಷ್ಟು ಪಾಲು ನಿಜವಾದ ವಾಟ್ ಎಂಬ ಲೆಕ್ಕ) ಬೇಕು. ವೋಲ್ಟೇಜ್ ಇಳಿದರೆ ಪಂಪ್‌ಸೆಟ್ ಕಮ್ಮಿ ಎಳೆಯುವ ಬದಲು ಜಾಸ್ತಿ ಆಂಪ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ರೈತರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಸಾಕೆಟ್, ಪ್ಲಗ್ ಎರಡೂ ಬದಲಾಯಿಸಿ, ಸ್ಕ್ರೂ ಬಿಗಿ ಮಾಡಿ ಮತ್ತೆ ಅಳೆದೆವು. ಬೋರ್ಡಿನಲ್ಲಿ 228, ಗೀಸರ್‌ನಲ್ಲಿ 227.6, ಕರೆಂಟ್ 8.6. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಫೋನಿನಲ್ಲಿ ಗುಣಿಸಿ ಮುಗಿಸಿದ್ದ. “ಮೂರೂವರೆ ವಾಟ್, ಅಣ್ಣಾ.” ಅಜ್ಜಿ ಕಾಫಿ ತಂದರು.