ಅಪ್ರೂವಲ್ ಆಗ್ಬುಡ್ತೀನಿ, ಲಾಯರಮ್ಮ

ನಮ್ಮ ಜೂನಿಯರ್ ಎರಡು ತಿಂಗಳಿಂದ ‘ದಿ ಸೊಪ್ರಾನೋಸ್’ ನೋಡುತ್ತಿದ್ದಾನೆ. 1999ರಿಂದ 2007ರವರೆಗೆ ನಡೆದ ಅಮೆರಿಕದ ಧಾರಾವಾಹಿ, 86 ಕಂತು. ಅದು ಮುಗಿದಾಗ ಈ ಹುಡುಗ ಪ್ರೈಮರಿ ಶಾಲೆಯಲ್ಲಿದ್ದ. ಈಗ ಮೈಸೂರಿನಿಂದ ಮಂಡ್ಯಕ್ಕೆ ರೈಲಲ್ಲಿ ಬರುವಾಗ ಒಂದು ಕಂತು, ಹೋಗುವಾಗ ಒಂದು. ಬೆಳಿಗ್ಗೆ ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಬರುವಷ್ಟರಲ್ಲಿ ನಮ್ಮ ಗುಮಾಸ್ತರಿಗೆ ಕಥೆ ಒಪ್ಪಿಸುತ್ತಾನೆ. ಗುಮಾಸ್ತರು ಒಂದು ಕಂತೂ ನೋಡಿದವರಲ್ಲ. ಆದರೂ ನ್ಯೂಜೆರ್ಸಿಯ ಮಾಫಿಯಾ ದೊರೆ ಟೋನಿ ಸೊಪ್ರಾನೊನ ಜಾತಕ ಬರೆದು ಮುಗಿಸಿದ್ದಾರೆ: “ಒಡ್ದಾಕ್ತಾರೆ ಬುಡಪ್ಪ. ರೌಡಿ ಕಥೆ ಇನ್ನೆಂಗೆ ಮುಗೀತದೆ?”

“ಇಲ್ಲಣ್ಣ, ಎಫ್‌ಬಿಐ ಜೊತೆ ಸೇರ್ಕೊಂಡು ಅಪ್ರೂವರ್ ಆಗ್ತಾನೆ ನೋಡ್ತಿರಿ. ಹೊಸ ಹೆಸರು, ಹೊಸ ಊರು. ಆರಾಮಾಗಿ ಇರ್ತಾನೆ.”

ಅಪ್ರೂವರ್ ಅಂದರೆ ಮಾಫಿ ಸಾಕ್ಷಿ: ಅಪರಾಧದಲ್ಲಿ ತಾನೂ ಪಾಲುದಾರನಾಗಿದ್ದು, ಕ್ಷಮೆ ಪಡೆದು ಜೊತೆಯವರ ವಿರುದ್ಧ ಸಾಕ್ಷಿ ನುಡಿಯುವವನು. ಪ್ರಸಾರದ ಕಾಲದಲ್ಲಿ ಅಲ್ಲಿನ ಪ್ರೇಕ್ಷಕರೂ ಇದೇ ಲೆಕ್ಕ ಹಾಕುತ್ತಿದ್ದರು: ಸಾವು, ಜೈಲು, ಇಲ್ಲವೇ ಸಾಕ್ಷಿಕಟ್ಟೆ. ಊಹೆಗೆ ನನ್ನ ತಕರಾರಿಲ್ಲ. ತಕರಾರಿರುವುದು ‘ಆರಾಮಾಗಿ’ ಅನ್ನುವ ಪದಕ್ಕೆ. ಅದನ್ನು ಎಲ್‌ಎಲ್‌ಬಿ ಮಾಡಿದವನೇ ಹೇಳಿದರೆ ಕಕ್ಷಿದಾರರನ್ನು ಏನಂತ ಬೈಯಲಿ?

ಕಕ್ಷಿದಾರರ ಬಾಯಲ್ಲಿ ಅಪ್ರೂವರ್ ಅನ್ನುವುದು ‘ಅಪ್ರೂವಲ್’, ಮನೆ ಪ್ಲಾನಿಗೆ ಸಿಗುವಂಥದ್ದು. ಪಾಂಡವಪುರದ ಕಡೆಯ ಹುಡುಗನೊಬ್ಬ, ಗದ್ದೆ ಬದುವಿನ ಮೇಲಿದ್ದ ಮೋಟಾರ್ ಕೇಬಲ್ ಕದ್ದ ಕೇಸು. ಬಂದವನೇ, “ಅಪ್ರೂವಲ್ ಆಗ್ಬುಡ್ತೀನಿ ಲಾಯರಮ್ಮ, ಇವತ್ತೇ ಮನೀಗೋಗ್ಬೋದಲ್ವಾ?” ಅಂದ. ಸಾಮಾನ್ಯ ಕಳವಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಮಾಫಿ ಸಾಕ್ಷಿಯ ಮಾತು ಬರುವುದು ಸೆಷನ್ಸ್ ನ್ಯಾಯಾಲಯ ಅಥವಾ ವಿಶೇಷ ನ್ಯಾಯಾಧೀಶರೇ ವಿಚಾರಣೆ ಮಾಡಬೇಕಾದ, ಇಲ್ಲವೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ. “ನಿನ್ನ ಕೇಸು ಅಷ್ಟು ದೊಡ್ಡದಲ್ಲ ಕಣಪ್ಪ” ಅಂದೆ. ಮುಖ ಚಿಕ್ಕದಾಯಿತು ಪಾಪ.

ಮತ್ತೊಮ್ಮೆ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 343ನೇ ಕಲಂ. 2024ರ ಜುಲೈ 1ಕ್ಕೆ ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, 306 ಆಗಿತ್ತು, ನನ್ನ ಬಾಯಿಗೆ ಇನ್ನೂ ಅದೇ ಬರುತ್ತದೆ. ಮಾಫಿ ಕೊಡುವುದು ನ್ಯಾಯಾಲಯ. ಇನ್‌ಸ್ಪೆಕ್ಟರ್ ಅಲ್ಲ, ನಿಮ್ಮ ವಕೀಲರಂತೂ ಅಲ್ಲವೇ ಅಲ್ಲ. ಗೊತ್ತಿರುವುದನ್ನೆಲ್ಲ, ನಿಮ್ಮ ಕೈ ಎಷ್ಟು ಕೊಳೆಯಾಗಿದೆ ಅನ್ನುವುದನ್ನೂ ಸೇರಿಸಿ, ಬಿಚ್ಚಿ ಹೇಳಬೇಕು. ಬೇಕೆಂದೇ ಬಚ್ಚಿಟ್ಟಿರಿ ಅಂತ ಸರ್ಕಾರಿ ಅಭಿಯೋಜಕರು ಪ್ರಮಾಣಪತ್ರ ಕೊಟ್ಟರೆ ಮೂಲ ಅಪರಾಧಕ್ಕೇ ನಿಮ್ಮ ಮೇಲೆ ವಿಚಾರಣೆ. ನೀವು ಕೊಟ್ಟ ಹೇಳಿಕೆಯೇ ಅಲ್ಲಿ ನಿಮಗೆ ಎದುರು ನಿಲ್ಲುತ್ತದೆ.

ಇನ್ನು ಯಾರ ಕಿವಿಗೂ ಇಳಿಯದ ಮಾತು. ಅಷ್ಟರೊಳಗೆ ಜಾಮೀನು ಸಿಕ್ಕಿರದಿದ್ದರೆ, ವಿಚಾರಣೆ ಮುಗಿಯುವವರೆಗೆ ಮಾಫಿ ಸಾಕ್ಷಿ ಜೈಲಿನಲ್ಲೇ ಇರಬೇಕು. ಮುಗಿಯುವವರೆಗೆ ಅಂದರೆ ಅವನ ಸಾಕ್ಷ್ಯವಲ್ಲ, ಇಡೀ ಕೇಸು. ವಿಶೇಷ ಸಂದರ್ಭದಲ್ಲಿ ಹೈಕೋರ್ಟುಗಳು ಬಿಡುಗಡೆ ಮಾಡಿದ್ದುಂಟು. ನಿಮಗೂ ಹಾಗೇ ಆಗುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಮುಂಬೈ ದಾಳಿಯ ಪ್ರಕರಣದಲ್ಲಿ, ಸಂಚುಕೋರರಲ್ಲೊಬ್ಬನಾದ ಡೇವಿಡ್ ಹೆಡ್ಲಿಗೆ 2015ರ ಡಿಸೆಂಬರಿನಲ್ಲಿ ಇಲ್ಲಿ ಮಾಫಿ ಸಿಕ್ಕಿತು. 2016ರಲ್ಲಿ ವಿಡಿಯೋ ಮೂಲಕ ಸಾಕ್ಷಿ ನುಡಿದದ್ದು ಅಮೆರಿಕದಲ್ಲಿ 35 ವರ್ಷದ ಶಿಕ್ಷೆ ಅನುಭವಿಸುತ್ತಲೇ.

ಹೊಸ ಹೆಸರು, ಹೊಸ ಊರು? ಅಮೆರಿಕದಲ್ಲಿ 1970ರ ಕಾಯ್ದೆಯಿಂದ ಅದಕ್ಕೊಂದು ವ್ಯವಸ್ಥೆಯೇ ಇದೆ. ನಮ್ಮ ಸುಪ್ರೀಂ ಕೋರ್ಟೂ 2018ರ ಡಿಸೆಂಬರಿನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿತು. ಗುರುತು ಬದಲಿಸುವುದು, ಬೇರೆಡೆ ನೆಲೆ ಕೊಡುವುದು ಅದರಲ್ಲೂ ಉಂಟು. ನಾನಂತೂ ಇಲ್ಲಿ ಯಾರಿಗೂ ಕೊಟ್ಟಿದ್ದು ಕಂಡಿಲ್ಲ. ಕೊಟ್ಟರೂ ಎಲ್ಲಿ ಅಡಗಿಸುತ್ತೀರಿ? ಬಾಯಿ ಬಿಟ್ಟ ಕೂಡಲೇ ಮಂಡ್ಯದವನು ಅಂತ ಗೊತ್ತಾಗುತ್ತದೆ.

ಹಿಂದೊಮ್ಮೆ ಬದುವಿನ ಜಗಳದ ಕೊಲೆ ಕೇಸಿನಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ನಾನೇ ವಕೀಲೆ. (ವಿವರ ಕೊಂಚ ಬದಲಿಸಿದ್ದೇನೆ.) ತಮ್ಮ ಜೈಲಿನಿಂದ ಹೇಳಿ ಕಳಿಸಿದ: ಅಣ್ಣನ ಮೇಲೆ ಹೇಳ್ತೀನಿ, ನನ್ನನ್ನ ಬಿಡಿಸಿ. ಇಬ್ಬರ ಪರವಾಗಿರುವವಳು ಅದಕ್ಕೆ ಕೈಹಾಕುವಂತಿಲ್ಲ, ಬೇರೆ ವಕೀಲರನ್ನು ಇಟ್ಟುಕೋ ಅಂದೆ. ಹೊಸ ವಕೀಲರು ವಿಷಯ ಸರಿಯಾಗಿಯೇ ತಿಳಿಸಿದರು: ಅಣ್ಣನಿಗೆ ನಾಳೆ ಜಾಮೀನು ಸಿಗಬಹುದು, ನೀನು ಮಾಫಿ ಸಾಕ್ಷಿಯಾದರೆ ಒಳಗೇ. ಅವನು ನಂಬಲಿಲ್ಲ. ಹೇಳಿಕೊಡುವವನು ಒಳಗೆ, ಕೊಂದವನು ಹೊರಗಾ? ಹೌದು, ಹಾಗೂ ಆಗುತ್ತದೆ. ಅವನ ಜೀವಕ್ಕೂ ಕ್ಷೇಮ, ಯಾರೂ ಅವನ ತಲೆ ತಿರುಗಿಸುವುದೂ ಬೇಡ ಅಂತ ಕಾನೂನಿನ ಯೋಚನೆ.

ಅವರವ್ವ ನನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತು, “ಒಬ್ಬನ್ನ ಒಳೀಕಾಕಿ ಇನ್ನೊಬ್ಬ ಮನೀಗ್ ಬಂದ್ರೆ, ಅವ್ನಿಗೆ ಯಾವ್ ಕೈಲಿ ಇಟ್ಟು ಇಕ್ಲವ್ವ?” ಅಂದರು. ಕಲಂ ಓದಿ ಹೇಳುವ ಪ್ರಶ್ನೆಯಲ್ಲ ಅದು. ಕಾಫಿ ತರಿಸಿದೆ. ತಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಕಾನೂನಿಗೆ ಹೆದರಿದನೋ ಅವ್ವನಿಗೋ ತಿಳಿಯದು.

ಧಾರಾವಾಹಿ ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಯ ಕಂತಿನಲ್ಲಿ ಟೋನಿಯ ಕಡೆಯವನೊಬ್ಬ, ಮಗ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದದ್ದಕ್ಕೆ, ಎಫ್‌ಬಿಐಗೆ ಬಾಯಿಬಿಟ್ಟಿರುತ್ತಾನೆ. ಟೋನಿಯ ಮೇಲೆ ದೋಷಾರೋಪ ಬರುವ ಸಾಧ್ಯತೆ ಶೇ. 80ರಿಂದ 90 ಅಂತ ಅವನ ವಕೀಲರು ಹೇಳುತ್ತಾರೆ, ಕೆಚಪ್ ಬಾಟಲಿ ಗುದ್ದುತ್ತಾ. ಶೇ. ನೂರು ಅನ್ನದ ಆ ಮನುಷ್ಯನ ಮೇಲೆ ನನಗೆ ಗೌರವ. ಆಮೇಲೆ ಹೋಟೆಲಿನಲ್ಲಿ ಹೆಂಡತಿ, ಮಗನ ಜೊತೆ ಮಗಳಿಗಾಗಿ ಕಾಯುತ್ತಾ ಕೂತ ಟೋನಿ, ಬಾಗಿಲ ಗಂಟೆ ಸದ್ದಿಗೆ ತಲೆ ಎತ್ತುತ್ತಾನೆ. ಪರದೆ ಕಪ್ಪು. ಸುಮಾರು ಹತ್ತು ಸೆಕೆಂಡು ಏನೂ ಇಲ್ಲ. 2007ರ ಜೂನ್ 10ರ ಆ ರಾತ್ರಿ ಅಮೆರಿಕದಲ್ಲಿ ಎಷ್ಟೋ ಮಂದಿ ಕೇಬಲ್ ಕೈಕೊಟ್ಟಿತು ಅಂದುಕೊಂಡರಂತೆ.

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂಕಾಲಕ್ಕೆ ಜೂನಿಯರ್ ಫೋನ್ ಮಾಡಿದ.

“ಮೇಡಂ, ಕರೆಕ್ಟಾಗಿ ಕೊನೇಲಿ ನೆಟ್ ಹೋಯ್ತು. ನಿಮ್ಮನೇಲಿ ಬರ್ತಿದ್ಯಾ?”

ಬರುತ್ತಿದೆ ಅಂದೆ. ನಾಳೆ ಹತ್ತೂವರೆಗೆ ಪಾಟಿಸವಾಲು ಇದೆ, ಮಲಗು ಅಂತಲೂ ಅಂದೆ.